ಹೋದ ಚೀಟಿ ಮರಳಿ ಬಂತೇ? ಪುಟ್ಟ ಮಕ್ಕಳ ಮನಸ್ಸು, ಐದು ಇಲಾಖೆ ಮತ್ತು ಮಲೆನಾಡು

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿ 15 ಮಾರ್ಗಸೂಚಿಗಳನ್ನು ಹೊರಡಿಸಿತು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿನ ತನಿಖೆಯನ್ನು ಸಿಬಿಐಗೆ ಒಪ್ಪಿಸುವಾಗ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ನೀಡಿದ ತೀರ್ಪು ಅದು. ತಕ್ಕ ಕಾನೂನು ಬರುವವರೆಗೆ ಈ ಮಾರ್ಗಸೂಚಿಗಳನ್ನೇ ಪಾಲಿಸಬೇಕು. ಕೋಚಿಂಗ್ ಕೇಂದ್ರಗಳ ಕುರಿತ ತೀರ್ಪು ಎಂದೇ ಹೆಚ್ಚಾಗಿ ಸುದ್ದಿಯಾದರೂ ಸರ್ಕಾರಿ ಶಾಲೆ, ಖಾಸಗಿ ಶಾಲೆ, ಕಾಲೇಜು, ಹಾಸ್ಟೆಲ್ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಉಸ್ತುವಾರಿ ಸಮಿತಿ ರಚಿಸಬೇಕು, ಅದರಲ್ಲಿ ಶಿಕ್ಷಣ, ಆರೋಗ್ಯ ಮತ್ತು ಮಕ್ಕಳ ರಕ್ಷಣೆಯ ಪ್ರತಿನಿಧಿಗಳು ಇರಬೇಕು ಎಂದೂ ಹೇಳಿದೆ.

ಶಿವಮೊಗ್ಗದಂಥ ಜಿಲ್ಲೆಯಲ್ಲಿ ಗೊಂದಲ ಹುಟ್ಟುವುದು ಇಲ್ಲಿಂದಲೇ. ಹದಿನೇಳರ ವಯಸ್ಸಿನವರನ್ನು ಮನಸ್ಸಿನಲ್ಲಿಟ್ಟು ಬರೆದ ಆದೇಶ ಮೂರು ವರ್ಷದ ಮಗುವಿಗೆ ಏನು ಮಾಡುತ್ತದೆ? ಅಂಗನವಾಡಿ ಶಿಕ್ಷಣ ಸಂಸ್ಥೆಯೇ? ಹದಿನಾಲ್ಕು ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಆಪ್ತಸಮಾಲೋಚಕರು ಬರುತ್ತಾರೆಯೇ? ಸಮಿತಿಯಲ್ಲಿ ಕೂರುವ ಇಲಾಖೆಗಳು ಇಷ್ಟು ದಿನ ಜೊತೆಯಾಗಿ ಕೆಲಸ ಮಾಡುತ್ತಿರಲಿಲ್ಲವೇ? ಕೊನೆಯ ಪ್ರಶ್ನೆಯೇ ಮುಖ್ಯ. ಕಾಗದದ ಮೇಲೆ ಅವು ಬಹಳ ಕಾಲದಿಂದ ಜೊತೆಯಾಗಿಯೇ ಇವೆ. ಆದರೆ ತೊಂದರೆಯ ಅನುಮಾನವಿರುವ ಮಗುವನ್ನು ತಜ್ಞರ ಬಳಿಗೆ ಕಳಿಸಲು ಬರೆದ ಶಿಫಾರಸು ಚೀಟಿಗೆ ಉತ್ತರ ಮರಳಿ ಬರುತ್ತದೆಯೇ?

ನೂರರ ಗೆರೆ

ಮಾರ್ಗಸೂಚಿ ಶಾಲೆಗಳನ್ನು ಎರಡಾಗಿ ವಿಂಗಡಿಸುತ್ತದೆ. 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಹೊಂದಿರಬೇಕು. ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ ಹೊರಗಿನ ಮಾನಸಿಕ ಆರೋಗ್ಯ ತಜ್ಞರೊಂದಿಗೆ ಲಿಖಿತವಾದ, ಖಚಿತವಾದ ಶಿಫಾರಸು ಸಂಪರ್ಕ ಇಟ್ಟುಕೊಂಡರೆ ಸಾಕು.

ದೊಡ್ಡ ಪಟ್ಟಣಕ್ಕೆ ಇದು ಸರಿಯಾದ ಗೆರೆ. ಮಲೆನಾಡಿನಲ್ಲಿ ಒಂಟಿ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು ಚದುರಿಕೊಂಡಿವೆ. ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಒಳಭಾಗದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳ ಹಾಜರಿ ಪುಸ್ತಕ ಮೂರಂಕಿ ಮುಟ್ಟುವುದು ಅಪರೂಪ. ಹಾಗಾಗಿ ಇಲ್ಲಿ ಅನ್ವಯವಾಗುವುದು ಹೆಚ್ಚಾಗಿ ಎರಡನೆಯ ವಾಕ್ಯವೇ. ‘ಹೊರಗಿನ ತಜ್ಞ’ ಎಂದರೆ ಯಾರು, ಎಷ್ಟು ದೂರದಲ್ಲಿದ್ದಾರೆ, ಅವರು ನೋಡಿದ ಮೇಲೆ ಏನಾಯಿತು ಎಂದು ಶಾಲೆಗೆ ತಿಳಿಸುವವರು ಯಾರು ಎಂಬುದನ್ನು ಆ ವಾಕ್ಯ ಬಿಡಿಸಿ ಹೇಳುವುದಿಲ್ಲ. ಅದನ್ನು ಜಿಲ್ಲೆಯೇ ತುಂಬಿಕೊಳ್ಳಬೇಕು.

ಅಂಗನವಾಡಿಯ ಹೆಸರಂತೂ ಆದೇಶದ ಪಟ್ಟಿಯಲ್ಲೇ ಇಲ್ಲ. ಒಂದನೇ ತರಗತಿಗೆ ಸೇರುವ ವಯಸ್ಸಿನ ವಿಷಯದಲ್ಲೂ ರಾಜ್ಯದಲ್ಲಿ ಹಗ್ಗಜಗ್ಗಾಟ ನಡೆದಿದೆ. 6 ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಹೀಗೆ ಐದರ ಆಸುಪಾಸಿನ ಒಂದು ಮಗು ಯಾವ ಇಲಾಖೆಯ ಮಗು ಎಂಬುದು ಹುಟ್ಟಿದ ತಿಂಗಳಿನ ಮೇಲೆ ನಿಂತಿದೆ.

ಪುಟ್ಟ ಮಕ್ಕಳಿಗೂ ಮಾನಸಿಕ ತೊಂದರೆಯೇ?

ಮಾನಸಿಕ ಆರೋಗ್ಯ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಹುಚ್ಚು, ಖಿನ್ನತೆ, ಆತ್ಮಹತ್ಯೆ. ಆರು ವರ್ಷದೊಳಗಿನ ಮಗುವಿನಲ್ಲಿ ಅದು ಬೇರೆಯೇ ರೂಪದಲ್ಲಿ ಕಾಣುತ್ತದೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡದಿರುವುದು, ಎರಡು ವರ್ಷವಾದರೂ ಎರಡು ಪದ ಜೋಡಿಸದಿರುವುದು, ರಾತ್ರಿ ಬೆಚ್ಚಿಬಿದ್ದು ಗಂಟೆಗಟ್ಟಲೆ ಅಳುವುದು, ತಾಯಿ ಕಣ್ಮರೆಯಾದರೆ ಉಸಿರು ಕಟ್ಟುವಷ್ಟು ಹೆದರುವುದು, ಇಲ್ಲವೇ ಯಾರು ಬಂದರೂ ಹೋದರೂ ಒಂದೇ ಎಂಬಂತೆ ಇರುವುದು. ಇವುಗಳಲ್ಲಿ ಕೆಲವು ತಾವಾಗಿಯೇ ಸರಿಹೋಗುತ್ತವೆ. ಕೆಲವು ಆಟಿಸಂ, ಶ್ರವಣದೋಷ ಅಥವಾ ಬುದ್ಧಿಬೆಳವಣಿಗೆಯ ವಿಳಂಬದ ಮೊದಲ ಸುಳಿವು. ಇನ್ನು ಕೆಲವು ಮನೆಯೊಳಗಿನ ಕುಡಿತ, ಹೊಡೆತ ಅಥವಾ ಬಾಣಂತಿಯ ಖಿನ್ನತೆಯ ನೆರಳು. ಯಾವುದು ಯಾವುದೆಂದು ಒಂದೇ ನೋಟಕ್ಕೆ ಹೇಳಲು ಬಾರದು. ಒಂದೇ ಇಲಾಖೆಯಿಂದ ಈ ಕೆಲಸ ಆಗದಿರುವುದಕ್ಕೆ ಮೂಲ ಕಾರಣವೇ ಇದು: ಕಿವಿ ಪರೀಕ್ಷಿಸುವವರು ಒಬ್ಬರು, ಮನೆಯ ಪರಿಸ್ಥಿತಿ ಬಲ್ಲವರು ಇನ್ನೊಬ್ಬರು, ದಿನವೂ ಮಗುವನ್ನು ನೋಡುವವರು ಮತ್ತೊಬ್ಬರು.

ಎಷ್ಟು ಮಕ್ಕಳಿಗೆ ಇಂಥ ತೊಂದರೆಯಿದೆ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13 ವರ್ಷಕ್ಕಿಂತ ಕೆಳಗಿನವರನ್ನು ಎಣಿಸಲೇ ಇಲ್ಲ. 2ರಿಂದ 9 ವರ್ಷದ ಮಕ್ಕಳ ನರ-ಬೆಳವಣಿಗೆಯ ತೊಂದರೆಗಳ ಕುರಿತು ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ, ಸುಮಾರು ಎಂಟು ಮಕ್ಕಳಲ್ಲಿ ಒಂದಕ್ಕೆ ಏನಾದರೊಂದು ತೊಂದರೆ ಇದೆ ಎಂದಿತು. ಆ ಐದರಲ್ಲಿ ನಮಗೆ ತೀರ ಹತ್ತಿರದ್ದು ಉತ್ತರ ಗೋವಾ. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ 16 ವರ್ಷದವರೆಗಿನ ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಅಂಕಿ ಶೇ 12.5. ಸ್ಥಳ ಬೇರೆ, ವಿಧಾನ ಬೇರೆ, ಅಂದಾಜು ಮಾತ್ರ ಹತ್ತಿರ ಹತ್ತಿರ. ಇಪ್ಪತ್ತೈದು ಮಕ್ಕಳ ಒಂದು ಅಂಗನವಾಡಿಯಲ್ಲಿ ಎರಡು ಮೂರು ಮಕ್ಕಳ ಬಗ್ಗೆಯಾದರೂ ಯಾರೋ ಒಬ್ಬರು ನಿಂತು ಯೋಚಿಸಬೇಕು ಎಂದು ಇದರರ್ಥ.

ಯಾರ ಕೈಯಲ್ಲಿ ಏನಿದೆ

ವ್ಯವಸ್ಥೆ ಇಲ್ಲವೆಂದು ಹೇಳುವಂತಿಲ್ಲ. ಇರುವುದು ಸಾಕಷ್ಟು, ಒಂದಕ್ಕೊಂದು ತಾಗದೆ ಇದೆ.

ಆರೋಗ್ಯ ಇಲಾಖೆಯಲ್ಲಿ ಆಶಾ ಕಾರ್ಯಕರ್ತೆ ಮಗು 3, 6, 9, 12 ಮತ್ತು 15 ತಿಂಗಳಾದಾಗ ಮನೆಗೆ ಹೋಗಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಸಂಚಾರಿ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ, ಒಂದು ಬಾರಿ ಶಾಲೆಗೆ ಬರಬೇಕು. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಾಸಿಸ್ಟ್ ಇರುವ ಈ ತಂಡ 30 ತೊಂದರೆಗಳ ಪಟ್ಟಿ ಹಿಡಿದು ತಪಾಸಣೆ ಮಾಡುತ್ತದೆ. ಮಾತಿನ ವಿಳಂಬ, ಆಟಿಸಂ, ಕಲಿಕೆಯ ತೊಂದರೆ ಆ ಪಟ್ಟಿಯಲ್ಲಿವೆ. ಭಯ, ಆಘಾತ, ತಾಯಿಯ ಖಿನ್ನತೆ ಇಲ್ಲ. ತಂಡ ಗುರುತಿಸಿದ ಮಗುವನ್ನು ಕಳಿಸಬೇಕಾದದ್ದು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ. ಮಕ್ಕಳ ತಜ್ಞರು, ಮನಶ್ಶಾಸ್ತ್ರಜ್ಞರು, ಮಾತು ಮತ್ತು ಶ್ರವಣ ಚಿಕಿತ್ಸಕರು, ಫಿಸಿಯೋಥೆರಪಿಸ್ಟ್, ವಿಶೇಷ ಶಿಕ್ಷಕರು ಒಂದೇ ಸೂರಿನಡಿ ಸಿಗಬೇಕೆಂಬುದು ಅದರ ಕಲ್ಪನೆ. ಇವುಗಳ ಪಕ್ಕದಲ್ಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವೇ ಅದಕ್ಕೆ ದೇಶಕ್ಕೆಲ್ಲ ಮಾದರಿಯಾಯಿತು. 2014ರಿಂದ ಮನೋಚೈತನ್ಯದ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡೂ ಇದೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಇದೆ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಅಂಗನವಾಡಿ ಇದೆ. ಅದೇ ಇಲಾಖೆಯ ಬೇರೊಂದು ಕವಲಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ ಮತ್ತು 1098 ಸಹಾಯವಾಣಿ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳಲ್ಲಿ ಅಂಗವಿಕಲ ಮಕ್ಕಳನ್ನು ಗುರುತಿಸಿ ಒಳಗೊಳ್ಳುವ ಕಾರ್ಯವಿಧಾನವನ್ನೂ, 2024ರಲ್ಲಿ ಹುಟ್ಟಿನಿಂದ ಮೂರು ವರ್ಷದವರ ಬೆಳವಣಿಗೆಗೆ ಉತ್ತೇಜನ ಕೊಡುವ ‘ನವಚೇತನ’ ಚೌಕಟ್ಟನ್ನೂ ಹೊರತಂದಿತು. ಶಾಲಾ ಶಿಕ್ಷಣ ಇಲಾಖೆಯಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಇದ್ದಾರೆ. ಗ್ರಾಮೀಣಾಭಿವೃದ್ಧಿ ಇಲಾಖೆಯಡಿ ನರೇಗಾ ಕೂಲಿಕಾರರ ಮಕ್ಕಳಿಗೆಂದು ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿವೆ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂದೇ ಕರೆಯುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಇವರಲ್ಲಿ ಬಹುತೇಕರು ಸ್ವತಃ ಅಂಗವೈಕಲ್ಯದೊಂದಿಗೆ ಬದುಕುತ್ತಿರುವವರು. ಊರಿನ ಮನೆ ಮನೆ ಗೊತ್ತಿರುವ ಇವರನ್ನು ಮಕ್ಕಳ ಮಾನಸಿಕ ಆರೋಗ್ಯದ ಮಾತು ಬಂದಾಗ ಯಾರೂ ನೆನೆಯುವುದಿಲ್ಲ.

ಈ ವಿಷಯವೇ ಶಿವಮೊಗ್ಗಕ್ಕೆ ಹೊಸತೇನಲ್ಲ. 2016ರಲ್ಲಿ ತೀರಿಕೊಂಡ ಇಲ್ಲಿನ ಮನೋವೈದ್ಯ ಡಾ. ಕೆ.ಎ. ಅಶೋಕ ಪೈ ಕನ್ನಡದಲ್ಲಿ ಬರೆದೂ ಮಾತನಾಡಿಯೂ ಮನೋರೋಗವನ್ನು ದೆವ್ವಭೂತದ ಲೆಕ್ಕದಿಂದ ಬಿಡಿಸಿ ಔಷಧೋಪಚಾರದ ಲೆಕ್ಕಕ್ಕೆ ತರಲು ದಶಕಗಟ್ಟಲೆ ದುಡಿದರು. ಮನೋವೈದ್ಯರ ಹತ್ತಿರ ಹೋಗುವುದಕ್ಕೆ ನಾಚಿಕೆ ಪಡುವವರು ಈ ಊರಿನಲ್ಲಿ ಬೇರೆಡೆಗಿಂತ ಕಡಿಮೆಯಿದ್ದರೆ ಅದರಲ್ಲಿ ಅವರ ಪಾಲಿದೆ.

ಒಂದು ಚೀಟಿಯ ದಾರಿ

ಇಷ್ಟೆಲ್ಲ ಇದ್ದೂ ಎಲ್ಲಿ ಕೈತಪ್ಪುತ್ತದೆ? ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಯಾವುದೋ ಮಜರೆಯಲ್ಲಿ ಎರಡೂವರೆ ವರ್ಷದ ಒಬ್ಬ ಹುಡುಗನಿದ್ದಾನೆ ಎಂದುಕೊಳ್ಳೋಣ. ಮಾತು ಬಂದಿಲ್ಲ, ಕರೆದರೆ ತಿರುಗುವುದಿಲ್ಲ. ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಾರೆ. “ಇವನ ಅಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದದ್ದು” ಎಂಬುದು ಅವರ ಸಮಾಧಾನ. ಆಶಾ ಕಾರ್ಯಕರ್ತೆಯ ನಿಗದಿತ ಭೇಟಿ 15 ತಿಂಗಳಿಗೇ ಮುಗಿದಿದೆ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಹಂತಗಳ ಚಿತ್ರಗಳಿವೆ, ಆದರೆ ಚುಚ್ಚುಮದ್ದಿನ ಪುಟ ತುಂಬಿದ ಮೇಲೆ ಆ ಕಾರ್ಡು ಟ್ರಂಕಿನೊಳಗೆ. ಅಂಗನವಾಡಿಯಲ್ಲಿ ಹುಡುಗನ ಹೆಸರಿದೆ, ಮನೆಗೆ ಪೌಷ್ಟಿಕ ಆಹಾರದ ಪೊಟ್ಟಣ ಹೋಗುತ್ತದೆ. ಮೂರು ತುಂಬುವವರೆಗೆ ಅವನು ಅಲ್ಲಿ ಬಂದು ಕೂರುವುದಿಲ್ಲ. ಹದಿನೈದು ತಿಂಗಳಿನಿಂದ ಮೂರು ವರ್ಷದವರೆಗಿನ ಈ ಅವಧಿಯಲ್ಲೇ ಮಾತಿನ ತೊಂದರೆ ಮೊದಲು ಕಣ್ಣಿಗೆ ಬೀಳುವುದು. ಸರ್ಕಾರಿ ಕಣ್ಣುಗಳು ಮಗುವಿನ ಮೇಲಿಂದ ಸರಿಯುವುದೂ ಇದೇ ಅವಧಿಯಲ್ಲಿ.

ಮೂರು ವರ್ಷಕ್ಕೆ ಅಂಗನವಾಡಿಗೆ ಬಂದ. ಟೀಚರ್‌ಗೆ ವಾರದೊಳಗೇ ಅನುಮಾನ ಬಂತು. ಆರ್‌ಬಿಎಸ್‌ಕೆ ಜೀಪು ಬಂದ ದಿನ ಜೋರು ಮಳೆ, ಹಳ್ಳ ದಾಟಿಸಲಾಗದೆ ಮನೆಯವರು ಹುಡುಗನನ್ನು ಕಳಿಸಲಿಲ್ಲ. ಮುಂದಿನ ಸರದಿ ಆರು ತಿಂಗಳ ಮೇಲೆ. ಆಗ ತಂಡ ನೋಡಿತು, ಚೀಟಿ ಬರೆಯಿತು: ಶಿವಮೊಗ್ಗಕ್ಕೆ ಹೋಗಿ.

ಶಿವಮೊಗ್ಗಕ್ಕೆ ಹೋಗುವುದೆಂದರೆ ಇಡೀ ಒಂದು ದಿನ. ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ, ಆದರೆ ಅದು ಸರ್ಕಾರಿ ಬಸ್ಸಿನಲ್ಲಿ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಟಿಕೆಟ್ ದುಡ್ಡಿನ ಜೊತೆ ಅಪ್ಪನ ಒಂದು ದಿನದ ಕೂಲಿಯೂ ಹೋಗುತ್ತದೆ. ಮೊದಲ ದಿನ ಮಕ್ಕಳ ತಜ್ಞರು ನೋಡಿದರು. ಮಾತಿನ ಚಿಕಿತ್ಸೆಗೆ ಮುಂಚೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯಬೇಕು, ಅದಕ್ಕೆ ಇನ್ನೊಂದು ದಿನಾಂಕ. ಎರಡನೇ ಭೇಟಿಯಲ್ಲಿ ಕಿವಿ ಸರಿಯಿದೆ ಎಂದಾಯಿತು. ವಾರಕ್ಕೊಮ್ಮೆ ಕರೆದುಕೊಂಡು ಬನ್ನಿ ಎಂದರು. ಮೂರನೇ ಭೇಟಿ ನಡೆಯಲೇ ಇಲ್ಲ.

ಈಗ ವರದಿಗಳನ್ನು ನೋಡೋಣ. ಆರ್‌ಬಿಎಸ್‌ಕೆ ಲೆಕ್ಕದಲ್ಲಿ ತಪಾಸಣೆ ಒಂದು, ಶಿಫಾರಸು ಒಂದು. ಆಸ್ಪತ್ರೆಯ ಲೆಕ್ಕದಲ್ಲಿ ಹೊಸ ಪ್ರಕರಣ ಒಂದು, ಮರುಭೇಟಿ ಒಂದು. ಅಂಗನವಾಡಿಯ ಲೆಕ್ಕದಲ್ಲಿ ಹುಡುಗನ ತೂಕ, ಎತ್ತರ ಚೊಕ್ಕ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಎಲ್ಲರ ಪ್ರಗತಿಯೂ ಶೇ 100ರ ಹತ್ತಿರ. ಒಂದು ವರದಿಯೂ ಸುಳ್ಳಲ್ಲ. ಹುಡುಗನಿಗೆ ಮಾತ್ರ ಚಿಕಿತ್ಸೆ ಸಿಕ್ಕಿಲ್ಲ, ಅವನು ಹೋಗುವುದನ್ನು ಬಿಟ್ಟಿದ್ದಾನೆ ಎಂಬ ಸುದ್ದಿ ಮೊದಲು ಅನುಮಾನಿಸಿದ ಟೀಚರ್‌ಗೆ ತಲುಪಿಯೂ ಇಲ್ಲ. ತಲುಪಿದ್ದರೆ ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಹೇಗೆ ಆಡಿಸಬೇಕು, ಹೇಗೆ ಮಾತನಾಡಿಸಬೇಕು ಎಂದು ಚಿಕಿತ್ಸಕರಿಂದ ಕೇಳಿಕೊಂಡು ತಾಯಿಗೆ ಹೇಳಿಕೊಡಲು ಅವರಿಂದ ಆಗುತ್ತಿತ್ತು. ವಾರದ ಪ್ರಯಾಣ ತಿಂಗಳಿಗೆ ಇಳಿಯುತ್ತಿತ್ತು.

ಮಲೆನಾಡಿನ ಕಾಲಮಾನ

ಇದರ ಮೇಲೆ ಇಲ್ಲಿನ ಋತುಗಳೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕೊನೆಕೊಯ್ಲು ಶುರುವಾದರೆ ತಿಂಗಳುಗಟ್ಟಲೆ ಅಡಿಕೆ ಸುಲಿತ, ತಾಯಂದಿರಿಗೆ ರಾತ್ರಿ ನಿದ್ದೆಯೂ ಇಲ್ಲ. ಜನವರಿಯಿಂದ ಮೇ ತನಕ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಕಾಣಿಸಿಕೊಂಡ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ, ಆಶಾ, ವಾಹನ ಎಲ್ಲವೂ ಅತ್ತ ಓಡುತ್ತವೆ, ಓಡಲೇಬೇಕು. ಹಾಗಾಗಿ ವರ್ಷಕ್ಕೆ ಎರಡು ಭೇಟಿ ಎಂಬ ನಿಯಮ ಬಯಲುಸೀಮೆಯಲ್ಲಿ ಇರುವಂತೆ ಇಲ್ಲಿ ಇರುವುದಿಲ್ಲ. ಒಂದು ಭೇಟಿ ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ.

ಶಿಕಾರಿಪುರ, ಸೊರಬ, ಸಾಗರದ ಕಡೆ ಶುಂಠಿ ಮತ್ತು ಅಡಿಕೆ ಕೆಲಸಕ್ಕೆ ಹೊರಜಿಲ್ಲೆಗಳಿಂದ ಬರುವ ಕೂಲಿಕಾರರ ಮಕ್ಕಳ ಕಥೆ ಬೇರೆಯೇ. ಅವರ ಹೆಸರು ಒಂದು ಊರಿನ ಅಂಗನವಾಡಿಯಲ್ಲಿ, ಮಗು ಇನ್ನೊಂದು ಊರಿನ ಶೆಡ್ಡಿನಲ್ಲಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿತು. ದಾರಿಯ ಆ ತುದಿಯಲ್ಲಿ, ಸಾಗರದಲ್ಲೇ ಮಗುವನ್ನು ನೋಡುವವರು ಸಿಗುತ್ತಾರೋ ಅಥವಾ ಮತ್ತೆ ಎಪ್ಪತ್ತು ಕಿಲೋಮೀಟರ್ ಮುಂದೆ ಶಿವಮೊಗ್ಗಕ್ಕೇ ಹೋಗಬೇಕೋ ಎಂಬುದು ಇನ್ನು ಮುಂದಿನ ಪ್ರಶ್ನೆ.

ಯಾರ ವಾದ ಏನು

ವೈದ್ಯಕೀಯ ವಲಯದ ವಾದ ಸರಳ: ಇದು ತಜ್ಞರ ಕೆಲಸ, ಅರೆಬರೆ ತರಬೇತಿ ಪಡೆದವರು ಮಗುವಿಗೆ ಹಣೆಪಟ್ಟಿ ಹಚ್ಚಿದರೆ ಅದನ್ನು ಅಳಿಸುವುದು ಕಷ್ಟ. ಚಿಕಿತ್ಸೆಯೇ ಇಲ್ಲದ ಕಡೆ ಗುರುತಿಸುತ್ತಾ ಹೋಗುವುದು ಹೆತ್ತವರಿಗೆ ಹಿಂಸೆ ಕೊಟ್ಟಂತೆ. ಮಾತು ನಿಜ. ಆದರೆ ತಜ್ಞರು ಇರುವ ಕಡೆಗೆ ಮಾತ್ರ ಸೇವೆ ಎಂದರೆ ಸೇವೆ ಶಿವಮೊಗ್ಗ ನಗರದ ಹೊರವರ್ತುಲ ದಾಟುವುದಿಲ್ಲ.

ಅಂಗನವಾಡಿ ಕಾರ್ಯಕರ್ತೆಯರ ಅಹವಾಲು ಹೆಚ್ಚು ಗಟ್ಟಿಯಾದದ್ದು ಎಂದು ನನಗನಿಸುತ್ತದೆ. ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ದಿನವೂ ದಾಖಲೆ, 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೆ ಮುಖಚಹರೆ ದೃಢೀಕರಣ, ಸಮೀಕ್ಷೆಗಳು, ಚುನಾವಣೆ ಕೆಲಸ. ಬೆಟ್ಟದ ಮೇಲೆ ನೆಟ್‌ವರ್ಕ್ ಹುಡುಕುತ್ತಾ ಮೊಬೈಲ್ ಎತ್ತಿ ಹಿಡಿದು ನಿಂತವರಿಗೆ ಮಗುವಿನ ಜೊತೆ ಕೂತು ಆಡಲು ಸಮಯ ಎಲ್ಲಿಂದ ಬರಬೇಕು? ಇದರ ನಡುವೆ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರದ ವಿರುದ್ಧ ಅವರು 2024ರ ಜೂನ್‌ನಲ್ಲಿ ಬೀದಿಗಿಳಿದರು. ಮಕ್ಕಳು ಶಾಲೆಯ ಕಡೆ ಹೋದರೆ ಅಂಗನವಾಡಿಯ ಅಸ್ತಿತ್ವಕ್ಕೇ ಕುತ್ತು ಎಂಬುದು ಅವರ ಆತಂಕ. ಸೊರಬದಿಂದ ಆಯ್ಕೆಯಾದವರೇ ಶಾಲಾ ಶಿಕ್ಷಣ ಸಚಿವರಾಗಿದ್ದುದರಿಂದ ಈ ಚರ್ಚೆಗೆ ಶಿವಮೊಗ್ಗದಲ್ಲಿ ರಾಜಕೀಯದ ಬಿಸಿಯೂ ತಗುಲಿತು. ಒಂದೇ ಮಗುವಿಗಾಗಿ ಪೈಪೋಟಿಗೆ ಬಿದ್ದ ಎರಡು ಇಲಾಖೆಗಳು ಆ ಮಗುವಿನ ಕುರಿತು ಮನಬಿಚ್ಚಿ ಮಾಹಿತಿ ಹಂಚಿಕೊಳ್ಳುತ್ತವೆ ಎಂದು ನಿರೀಕ್ಷಿಸುವುದು ತುಸು ಹೆಚ್ಚೇ ಆಯಿತು.

ಮೂರನೆಯದೊಂದು ವಾದವೂ ಇದೆ. ಮಗು ಚೇಷ್ಟೆ ಮಾಡಿದ್ದಕ್ಕೆಲ್ಲ ಕಾಯಿಲೆಯ ಹೆಸರು ಬೇಡ, ಅಜ್ಜ ಅಜ್ಜಿ ಇರುವ ಮನೆಯಲ್ಲಿ ಮಗು ತಾನಾಗಿ ಬೆಳೆಯುತ್ತದೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಎಳೆಯ ಮಕ್ಕಳ ಬಹುಪಾಲು ಅಂಜಿಕೆ, ಹಟ ನಿಜಕ್ಕೂ ಪ್ರೀತಿ ಮತ್ತು ಸಮಯದಿಂದ ಹೋಗುತ್ತವೆ. ಆದರೆ ಹೋಗದೆ ಉಳಿಯುವುದು ಯಾವುದು ಎಂದು ತಿಳಿಯಲು ಯಾರಾದರೂ ನೋಡಲೇಬೇಕಲ್ಲ. ಗಂಡುಮಕ್ಕಳು ದುಡಿಮೆಗೆ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಮುದುಕರಿಬ್ಬರೇ ಉಳಿದಿರುವ ಈ ಕಾಲದಲ್ಲಿ ಕೂಡುಕುಟುಂಬವನ್ನು ಸರ್ಕಾರಿ ಸೇವೆಗೆ ಬದಲಿಯಾಗಿ ನೆಚ್ಚಿಕೊಳ್ಳುವುದೂ ಆಗದ ಮಾತು.

ಮಗು ಒಂದು, ಪೋರ್ಟಲ್ ಐದು

ಇಲಾಖೆಗಳು ಒಂದಕ್ಕೊಂದು ತಾಗದಿರುವುದಕ್ಕೆ ಮನುಷ್ಯರ ಜಿಗುಟುತನಕ್ಕಿಂತ ದೊಡ್ಡ ಕಾರಣ ದಾಖಲೆಗಳ ವ್ಯವಸ್ಥೆ. ಹೆರಿಗೆ ಮತ್ತು ಲಸಿಕೆಯ ವಿವರ ಆರ್‌ಸಿಎಚ್ ಪೋರ್ಟಲ್‌ನಲ್ಲಿ. ತೂಕ, ಆಹಾರ ಪೋಷಣ್ ಟ್ರ್ಯಾಕರ್‌ನಲ್ಲಿ. ಶಾಲೆ ಸೇರಿದ ಮೇಲೆ ಎಸ್‌ಎಟಿಎಸ್ ಸಂಖ್ಯೆ. ಅಂಗವೈಕಲ್ಯ ದೃಢಪಟ್ಟರೆ ಯುಡಿಐಡಿ ಗುರುತಿನ ಕಾರ್ಡು. ಮನೋವೈದ್ಯಕೀಯ ಸೇವೆಗೆ ರಾಜ್ಯದ್ದೇ ಆದ ಇ-ಮಾನಸ್. ಐದು ಕಡೆ ಐದು ಗುರುತು ಹೊತ್ತ ಮಗು ಒಂದೇ ಎಂದು ಯಾವ ಪರದೆಯೂ ತೋರಿಸುವುದಿಲ್ಲ.

ಹಂಚಿಕೊಳ್ಳಿ ಎಂದರೆ ಗೌಪ್ಯತೆಯ ಪ್ರಶ್ನೆ ಏಳುತ್ತದೆ, ಅದು ನೆಪವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎನ್ನುತ್ತದೆ. ಸಣ್ಣ ಊರಿನಲ್ಲಿ ‘ಆ ಮನೆಯ ಮಗುವಿಗೆ ಏನೋ ಇದೆಯಂತೆ’ ಎಂಬ ಮಾತು ಮುಂದೆ ಅಕ್ಕನ ಮದುವೆಗೂ ಅಡ್ಡ ಬರಬಹುದು. ಆದರೆ ಪರಿಹಾರ ಐದು ಪೋರ್ಟಲ್‌ಗಳನ್ನು ಬೆಸೆಯುವ ಆರನೆಯ ಪೋರ್ಟಲ್ ಅಲ್ಲ. ಟೀಚರ್‌ಗೆ ರೋಗದ ಹೆಸರು ಬೇಕಿಲ್ಲ. ಮಗು ಬಂದಿತ್ತೇ, ಮುಂದಿನ ದಿನಾಂಕ ಯಾವುದು, ಅಂಗನವಾಡಿಯಲ್ಲಿ ಏನು ಮಾಡಬೇಕು ಎಂಬ ಮೂರು ಸಾಲು ಸಾಕು. ತಾಯಿ ಒಪ್ಪಿ ಸಹಿ ಹಾಕಿದ ಚೀಟಿಯ ಹಿಂಬದಿಯಲ್ಲಿ ಅದನ್ನು ಬರೆದು ಕಳಿಸಬಹುದು.

ಹೊಡೆತ ಅಥವಾ ಲೈಂಗಿಕ ದೌರ್ಜನ್ಯದ ಅನುಮಾನ ಇದ್ದಾಗ ಮಾತ್ರ ಲೆಕ್ಕ ಬೇರೆ. ಪೋಕ್ಸೊ ಕಾಯ್ದೆಯಡಿ ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ವರದಿ ಮಾಡಲೇಬೇಕು, ಅಲ್ಲಿ ಒಪ್ಪಿಗೆ ಚೀಟಿಯ ಪ್ರಶ್ನೆಯಿಲ್ಲ.

ಸಹಯೋಗವನ್ನು ಅಳೆಯುವುದು ಹೇಗೆ

ಬೇರೆ ದೇಶಗಳಿಗೂ ಈ ತಲೆನೋವು ಇತ್ತು. ಅಮೆರಿಕದಲ್ಲಿ 2008ರಲ್ಲಿ ಶುರುವಾದ ಪ್ರಾಜೆಕ್ಟ್ ಲಾಂಚ್ ಎಂಬ ಯೋಜನೆ ಹುಟ್ಟಿನಿಂದ ಎಂಟು ವರ್ಷದವರೆಗಿನ ಮಕ್ಕಳ ಮಾನಸಿಕ ಸ್ವಾಸ್ಥ್ಯಕ್ಕಾಗಿ ಸ್ಥಳೀಯ ಸಂಸ್ಥೆಗಳನ್ನೆಲ್ಲ ಒಂದು ಮಂಡಳಿಯಲ್ಲಿ ಕೂರಿಸಿತು, ಜೊತೆಗೆ ಮೌಲ್ಯಮಾಪನವನ್ನೂ ಅನುದಾನಕ್ಕೆ ಕಟ್ಟಿಹಾಕಿತು. ಇಂಥ ಮೌಲ್ಯಮಾಪನಗಳಲ್ಲಿ ಬಳಸುವ ಒಂದು ಸಾಧನ ಮೆಟ್ಟಿಲುಗಳದ್ದು. ಕೆಳಗಿನ ಮೆಟ್ಟಿಲಲ್ಲಿ ಸಂಸ್ಥೆಗಳಿಗೆ ಪರಸ್ಪರರ ಹೆಸರು ಗೊತ್ತು, ಅಷ್ಟೇ. ಮೇಲೇರಿದಂತೆ ಮಾಹಿತಿ ಕೊಡುವುದು, ಕೆಲಸ ಹೊಂದಿಸಿಕೊಳ್ಳುವುದು, ಹಣ ಮತ್ತು ಸಿಬ್ಬಂದಿ ಹಂಚಿಕೊಳ್ಳುವುದು, ಕೊನೆಗೆ ಒಟ್ಟಾಗಿ ತೀರ್ಮಾನಿಸುವುದು. ಪ್ರತಿ ಸಂಸ್ಥೆಯನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ: ಇಂಥವರೊಂದಿಗೆ ನೀವು ಯಾವ ಮೆಟ್ಟಿಲಲ್ಲಿದ್ದೀರಿ? ಉತ್ತರಗಳು ಹೊಂದದಿದ್ದಾಗಲೇ ನಿಜ ಹೊರಬೀಳುತ್ತದೆ. ನಾವು ಕೈಕೈ ಹಿಡಿದು ನಡೆಯುತ್ತಿದ್ದೇವೆ ಎಂದು ಒಬ್ಬರು ಹೇಳಿದ ಕಡೆ, ಅವರ ಫೋನ್ ನಂಬರೇ ನಮ್ಮಲ್ಲಿಲ್ಲ ಎಂದು ಇನ್ನೊಬ್ಬರು ಹೇಳಿರುತ್ತಾರೆ.

ಆದರೆ ಸಂಸ್ಥೆಗಳನ್ನು ಮಾತ್ರ ಕೇಳಿದರೆ ಸಾಲದು. ಶಿವಮೊಗ್ಗದ ಸಮಿತಿ ಮಾಡಬಹುದಾದ ಅಗ್ಗದ, ಪ್ರಾಮಾಣಿಕವಾದ ಪರೀಕ್ಷೆ ಒಂದಿದೆ. ಹಿಂದಿನ ವರ್ಷ ಬರೆದ ಶಿಫಾರಸು ಚೀಟಿಗಳಲ್ಲಿ ಏಳೂ ತಾಲ್ಲೂಕುಗಳಿಂದ ಕಣ್ಣುಮುಚ್ಚಿ ಕೆಲವನ್ನು ಎತ್ತಿಕೊಳ್ಳಬೇಕು, ಒಂದೊಂದರ ಹಿಂದೆಯೂ ಹೋಗಬೇಕು. ಚೀಟಿ ಬರೆದ ದಿನದಿಂದ ತಜ್ಞರು ನೋಡಿದ ದಿನಕ್ಕೆ ಎಷ್ಟು ಅಂತರ? ಮೂರನೇ ಭೇಟಿ ಆಯಿತೇ? ಅಂಗನವಾಡಿಗೋ ಶಾಲೆಗೋ ಲಿಖಿತವಾಗಿ ಏನಾದರೂ ಮರಳಿ ಬಂತೇ? ಕೈಬಿಟ್ಟ ಕುಟುಂಬ ಯಾವ ಹೋಬಳಿಯದು, ಯಾವ ಬಸ್ಸಿನ ದಾರಿಯದು? ಇದಕ್ಕೆ ಸಲಹಾ ಸಂಸ್ಥೆ ಬೇಡ, ಒಬ್ಬ ಸಮಾಜ ಕಾರ್ಯಕರ್ತ ಮತ್ತು ಒಂದು ವಾಹನ ಸಾಕು.

ಇಲ್ಲೊಂದು ಬಲೆಯಿದೆ. ಮರಳಿ ಬಂದ ಚೀಟಿಗಳನ್ನು ಎಣಿಸಲು ಹೊರಟ ಕೂಡಲೇ ಚೀಟಿ ಬರೆಯುವುದೇ ಕಡಿಮೆಯಾಗುತ್ತದೆ. ಅನುಮಾನದ ಮಗುವನ್ನು ‘ಸಹಜ’ ಎಂದು ಬರೆದುಬಿಟ್ಟರೆ ಹಿಂಬಾಲಿಸುವ ಗೋಜಿಲ್ಲ. ಆದ್ದರಿಂದ ಬರೆದ ಚೀಟಿಗಳ ಸಂಖ್ಯೆಯನ್ನೂ ಮರಳಿದ ಚೀಟಿಗಳ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲೇ ಇಟ್ಟು ನೋಡಬೇಕು. ಒಂದು ತಾಲ್ಲೂಕಿನಲ್ಲಿ ಇಡೀ ವರ್ಷ ಮಾತಿನ ವಿಳಂಬದ ಒಂದೂ ಚೀಟಿ ಇಲ್ಲವೆಂದರೆ ಅಲ್ಲಿ ಮಕ್ಕಳೆಲ್ಲ ಚೆನ್ನಾಗಿದ್ದಾರೆ ಎಂದಲ್ಲ, ನೋಡಿದವರಿಲ್ಲ ಎಂದು.

ಎಲ್ಲವನ್ನೂ ಒಂದೇ ಹೊಸ ಪ್ರಾಧಿಕಾರದ ಕೆಳಗೆ ತರಬೇಕೆಂಬ ಸಲಹೆಯೂ ಆಗಾಗ ಕೇಳುತ್ತದೆ. ಹೊಸ ಪ್ರಾಧಿಕಾರವೆಂದರೆ ಆರನೇ ಇಲಾಖೆ, ಆರನೇ ಕಚೇರಿ. ಬೇಕಾದದ್ದು ತಾಲ್ಲೂಕಿಗೊಬ್ಬ ಹೊಣೆಗಾರ, ಚೀಟಿ ಹೋದದ್ದನ್ನೂ ಬಂದದ್ದನ್ನೂ ಬರೆದಿಟ್ಟುಕೊಂಡು ಬಾರದಿದ್ದರೆ ಫೋನ್ ಮಾಡುವವರು. ಈಗಿರುವ ಎಂಆರ್‌ಡಬ್ಲ್ಯುಗೆ ತಕ್ಕ ತರಬೇತಿ, ಗೌರವಧನ ಹೆಚ್ಚಿಸಿ ಕೊಟ್ಟರೆ ಆ ಕೆಲಸಕ್ಕೆ ಅವರಿಗಿಂತ ಹತ್ತಿರದವರಿಲ್ಲ.

ತೀರ್ಥಹಳ್ಳಿಯಲ್ಲಿ ಆದದ್ದು

ಹಿಂಬಾಲಿಸುವುದು ಮಲೆನಾಡಿನಲ್ಲಿ ಆಗದ ಕೆಲಸ ಎನ್ನುವವರಿಗೆ ಉತ್ತರ ಜಿಲ್ಲೆಯೊಳಗೇ ಇದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಜ್ಞರು ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗವಿರುವವರನ್ನು ಹಳ್ಳಿ ಹಳ್ಳಿಯಲ್ಲಿ ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನುಬಿಡದೆ ನೋಡಿಕೊಂಡ ಕಾರ್ಯಕ್ರಮ ನಡೆದಿದೆ. ಮಳೆ ಅದೇ, ಘಟ್ಟ ಅದೇ, ಬಸ್ಸುಗಳೂ ಅವೇ. ಅಲ್ಲಿ ಇದ್ದದ್ದು ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಈ ತಿಂಗಳು ಹೇಗಿದ್ದಾರೆ ಎಂದು ಕೇಳುವವರು. ದೊಡ್ಡವರಿಗೆ ಆದದ್ದು ಚಿಕ್ಕವರಿಗೆ ತದ್ವತ್ತಾಗಿ ಆಗುತ್ತದೆ ಎಂದಲ್ಲ: ದೊಡ್ಡವರಿಗೆ ತಿಂಗಳ ಮಾತ್ರೆ ತಲುಪಿಸಿದರೆ ಬಹುಪಾಲು ಕೆಲಸ ಆಯಿತು, ಮಗುವಿನ ವಿಷಯದಲ್ಲಿ ತಾಯಿಯ ದಿನಚರಿಯೇ ಔಷಧ. ಆದರೂ ಹಿಂಬಾಲಿಸುವ ಶಿಸ್ತು ಒಂದೇ.

ಮುಂದೇನಾಗಬಹುದು

ಸಮಿತಿಗಳ ಗಮನ ಮೊದಲು ಹರಿಯುವುದು ಪಿಯು ಕಾಲೇಜು ಮತ್ತು ನಗರದ ಕೋಚಿಂಗ್ ಕೇಂದ್ರಗಳ ಕಡೆಗೆ. ತೀರ್ಪು ಹುಟ್ಟಿದ್ದೇ ಅಲ್ಲಿಂದ, ಪತ್ರಿಕೆಗಳು ಕೇಳುವುದೂ ಅದನ್ನೇ. ಹಾಗೆ ಆದರೆ ಜಿಲ್ಲೆಯಲ್ಲಿ ಇರುವ ಬೆರಳೆಣಿಕೆಯ ಮನಶ್ಶಾಸ್ತ್ರಜ್ಞರ ಸಮಯ ಹದಿಹರೆಯದವರಿಗೆ ಸಲ್ಲುತ್ತದೆ, ಎಳೆಯರ ಸರದಿ ಇನ್ನಷ್ಟು ಹಿಂದೆ ಹೋಗುತ್ತದೆ. ಮೂರು ವರ್ಷಕ್ಕೆ ಸಿಗದ ಮಾತಿನ ಚಿಕಿತ್ಸೆ ಎಂಟನೇ ವರ್ಷಕ್ಕೆ ‘ಕಲಿಕೆಯಲ್ಲಿ ಹಿಂದುಳಿದ ಮಗು’ ಎಂಬ ಷರಾ ಆಗಿ, ಹದಿನಾರಕ್ಕೆ ಶಾಲೆ ಬಿಟ್ಟವರ ಪಟ್ಟಿಯಲ್ಲಿ ಹೆಸರಾಗಿ ಅದೇ ಸಮಿತಿಯ ಮುಂದೆ ಬರುತ್ತದೆ.

ಇನ್ನೊಂದು ದಾರಿಯೂ ಆದೇಶದಲ್ಲೇ ಇದೆ. ನೂರಕ್ಕಿಂತ ಕಡಿಮೆ ಮಕ್ಕಳ ಶಾಲೆಗಳು ಶಿಫಾರಸು ಸಂಪರ್ಕ ಇಟ್ಟುಕೊಳ್ಳಬೇಕು ಎಂದಾಗ, ಒಂದೊಂದು ಶಾಲೆಯೂ ಬೇರೆ ಬೇರೆ ಪತ್ರ ಬರೆಯುವ ಬದಲು ಹತ್ತಿರದ ಕೆಲವು ಶಾಲೆಗಳನ್ನು ಸೇರಿಸಿದ ಕ್ಲಸ್ಟರ್ ಮಟ್ಟದಲ್ಲಿ ಒಂದೇ ಒಪ್ಪಂದ ಮಾಡಿಕೊಳ್ಳಬಹುದು. ಮಂಗಳವಾರದ ಮನೋವೈದ್ಯರು, ಡಿಇಐಸಿ, ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರು, ಕ್ಲಸ್ಟರ್ ವ್ಯಾಪ್ತಿಯ ಅಂಗನವಾಡಿಗಳು ಎಲ್ಲರೂ ಅದರಲ್ಲಿ ಇರಬಹುದು. ಅಂಗನವಾಡಿಯ ಹೆಸರು ಆದೇಶದಲ್ಲಿ ಇಲ್ಲ ನಿಜ, ಸೇರಿಸಬಾರದು ಎಂದೂ ಇಲ್ಲ.

ಶಾಲಾ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ಅರ್ಹ ತಜ್ಞರಿಂದ ತರಬೇತಿ ಕಡ್ಡಾಯ ಎಂದೂ ಮಾರ್ಗಸೂಚಿ ಹೇಳುತ್ತದೆ. ಅದೇ ಸಭಾಂಗಣದಲ್ಲಿ, ಅದೇ ತಜ್ಞರ ಮುಂದೆ ಆ ಭಾಗದ ಅಂಗನವಾಡಿ ಟೀಚರ್‌ಗಳೂ ಆಶಾಗಳೂ ಕೂತರೆ ಹೆಚ್ಚುವರಿಯಾಗಿ ತಗಲುವುದು ಊಟ ಮತ್ತು ಬಸ್ ಚಾರ್ಜು. ಆ ಊಟ ಮತ್ತು ಬಸ್ ಚಾರ್ಜನ್ನು ಯಾವ ಇಲಾಖೆಯ ಲೆಕ್ಕಶೀರ್ಷಿಕೆಗೆ ಹಾಕುವುದು ಎಂಬುದನ್ನು ಜಿಲ್ಲಾಧಿಕಾರಿಯ ಸಮಿತಿ ಮೊದಲ ಸಭೆಯಲ್ಲೇ ಬಗೆಹರಿಸಬೇಕಾಗುತ್ತದೆ.